ತನ್ನ ದನಿಗೆ ತಾನೇ ಪಕ್ಕವಾದ್ಯ

ಡಿಸೆಂಬರ್ ಬಂತೆಂದರೆ ಮಾಲುಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಒಂದು ಗಂಡುದನಿ ತೇಲಿಬರುತ್ತದೆ. ಆತುರವಿಲ್ಲದ, ಅಂಚಿನಲ್ಲಿ ತುಸು ಹೊಗೆ ಹಿಡಿದಂಥ ದನಿ. ಹಾಡು ‘ದ ಕ್ರಿಸ್‌ಮಸ್ ಸಾಂಗ್’, ಹಾಡಿದಾತ ನ್ಯಾಟ್ ಕಿಂಗ್ ಕೋಲ್. ಮೆಲ್ ಟಾರ್ಮೆ ಮತ್ತು ಬಾಬ್ ವೆಲ್ಸ್ ಈ ಚಳಿಗಾಲದ ಹಾಡನ್ನು ಬರೆದದ್ದು ಕ್ಯಾಲಿಫೋರ್ನಿಯಾದ ಸುಡುಬಿಸಿಲಿನ ಜುಲೈ ತಿಂಗಳಲ್ಲಿ ಎಂಬುದು ತಮಾಷೆಯ ಸಂಗತಿ. ಅದಕ್ಕಿಂತ ಕುತೂಹಲದ್ದು ಇನ್ನೊಂದಿದೆ. ಈ ಒಂದೇ ಹಾಡನ್ನು ಕೋಲ್ ನಾಲ್ಕು ಸಲ ರೆಕಾರ್ಡ್ ಮಾಡಿದ. 1946ರ ಜೂನ್‌ನಲ್ಲಿ ಮೊದಲ ಸಲ ಹಾಡಿದಾಗ ಇದ್ದದ್ದು ಪಿಯಾನೊ, ಗಿಟಾರ್, ಬಾಸ್ ಮೂರೇ; ಪಿಯಾನೊ ಮುಂದೆ ಕೂತವನು ಕೋಲೇ. ಅದು ಸಾಲದೆನಿಸಿ ಅದೇ ಆಗಸ್ಟ್‌ನಲ್ಲಿ ಸಣ್ಣದೊಂದು ತಂತಿವಾದ್ಯದ ಗುಂಪು ಸೇರಿಸಿಕೊಂಡು ಮತ್ತೆ ಹಾಡಿದ. 1953ರಲ್ಲಿ ನೆಲ್ಸನ್ ರಿಡಲ್‌ನ ವಾದ್ಯವೃಂದ ಬಂತು. 1961ರಲ್ಲಿ, ಸ್ಟೀರಿಯೊ ಕಾಲಕ್ಕೆಂದು, ರಾಲ್ಫ್ ಕಾರ್ಮೈಕೇಲ್‌ನ ವಾದ್ಯವೃಂದ. ಇಂದು ಲಾಬಿಗಳಲ್ಲಿ ಕೇಳುವುದು ಬಹುಪಾಲು ಈ ನಾಲ್ಕನೆಯದೇ.

ನಾಲ್ಕನ್ನೂ ಸಾಲಾಗಿ ಕೇಳಿ ನೋಡಬೇಕು. ಒಬ್ಬ ಪಿಯಾನೊ ವಾದಕ ಮೆಲ್ಲಮೆಲ್ಲಗೆ ತನ್ನ ವಾದ್ಯದಿಂದ ಎದ್ದು ಮೈಕಿನ ಮುಂದೆ ಬಂದು ನಿಂತ ಕಥೆ ಅಲ್ಲಿದೆ. ಜಾಜ್ ರಸಿಕರು ಇದನ್ನೇ ಮುಂದಿಟ್ಟುಕೊಂಡು ಕೋಲ್ ಮೇಲೆ ಬಹಳ ಕಾಲ ಮುನಿಸಿಕೊಂಡಿದ್ದರು: ಎಂಥ ಪಿಯಾನೊ ವಾದಕ ಹಣದ ಹಾಡಿನ ಹಿಂದೆ ಹೋಗಿ ಹಾಳಾದನಲ್ಲ ಎಂದು. ನನಗೆ ಕಾಣುವುದು ಬೇರೆ. ಅವನು ಪಿಯಾನೊದಿಂದ ಎದ್ದನೇ ಹೊರತು ಪಿಯಾನೊ ಅವನ ಗಂಟಲಿನಿಂದ ಎದ್ದು ಹೋಗಲಿಲ್ಲ. ಒಬ್ಬೊಬ್ಬ ಜೊತೆಗಾರನೊಡನೆ ಅವನು ಹಾಡಿದ ರೀತಿ ಕೇಳಿದರೆ ಇದು ಗೊತ್ತಾಗುತ್ತದೆ.

ನಥಾನಿಯಲ್ ಆಡಮ್ಸ್ ಕೋಲ್ಸ್ ಹುಟ್ಟಿದ್ದು 1919ರ ಮಾರ್ಚ್ 17ರಂದು, ಅಲಬಾಮಾದ ಮಾಂಟ್ಗಾಮರಿಯಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ, ತಾಯಿ ಪರ್ಲೀನಾ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವಳು. ಮಗನ ಬೆರಳಿಗೆ ಮೊದಲ ಪಾಠ ಅವಳದೇ. ಕುಟುಂಬ ಷಿಕಾಗೊಗೆ ವಲಸೆ ಬಂತು. ಅಲ್ಲಿ ಆಗ ಅರ್ಲ್ ಹೈನ್ಸ್ ಎಂಬ ಪಿಯಾನೊ ದಿಗ್ಗಜನ ಕಾಲ. ಎಡಗೈ ತಾಳ ಹಿಡಿದಿರುವಾಗ ಬಲಗೈ ಟ್ರಂಪೆಟ್ ಊದಿದ ಹಾಗೆ ಸ್ವರಗಳನ್ನು ಬಿಡಿಬಿಡಿಯಾಗಿ ಎಸೆಯುವ ಹೈನ್ಸ್‌ನ ಶೈಲಿ ಹುಡುಗನ ಕಿವಿಗೆ ಅಂಟಿತು. 1936ರಲ್ಲಿ ಬಾಸ್ ನುಡಿಸುತ್ತಿದ್ದ ಅಣ್ಣ ಎಡ್ಡಿಯ ಜೊತೆ ಡೆಕ್ಕಾ ಕಂಪನಿಗೆ ಮೊದಲ ರೆಕಾರ್ಡ್ ಕೊಟ್ಟ. ಆಮೇಲೆ ‘ಷಫಲ್ ಅಲಾಂಗ್’ ಎಂಬ ಸಂಗೀತ ನಾಟಕದ ತಂಡದೊಡನೆ ಊರೂರು ಸುತ್ತಿದ. ಕಂಪನಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಮುಳುಗಿತು, ಇವನು ಅಲ್ಲೇ ಉಳಿದ. ಮುಳುಗಿದ ನಾಟಕ ಕಂಪನಿಗಳಿಂದ ಸಂಗೀತಕ್ಕೆ ಆಗಿರುವ ಲಾಭದ ಲೆಕ್ಕ ಯಾರಾದರೂ ಬರೆಯಬೇಕು.

1937ರಲ್ಲಿ ಲಾಸ್ ಏಂಜಲಿಸ್‌ನ ಸ್ವಾನಿ ಇನ್ ಎಂಬ ಕ್ಲಬ್ಬಿನಲ್ಲಿ ನುಡಿಸಲು ಆತ ಕಟ್ಟಿಕೊಂಡ ತಂಡವೇ ಕಿಂಗ್ ಕೋಲ್ ಟ್ರಿಯೊ. ಗಿಟಾರ್‌ಗೆ ಆಸ್ಕರ್ ಮೂರ್, ಬಾಸ್‌ಗೆ ವೆಸ್ಲಿ ಪ್ರಿನ್ಸ್. ಮುಂದೆ ಪ್ರಿನ್ಸ್‌ನ ಜಾಗಕ್ಕೆ ಜಾನಿ ಮಿಲ್ಲರ್ ಬಂದ. ಡ್ರಮ್ಸ್ ಇಲ್ಲ. ಇಡೀ ಅಮೆರಿಕ ಹದಿನೈದು ಹದಿನಾರು ಮಂದಿಯ ಬಿಗ್ ಬ್ಯಾಂಡ್‌ಗಳಿಗೆ ಕುಣಿಯುತ್ತಿದ್ದ ಕಾಲದಲ್ಲಿ ಮೂರೇ ಜನ, ಅದೂ ಡ್ರಮ್ಸ್ ಇಲ್ಲದೆ! ಕುಡಿದ ಗಿರಾಕಿಯೊಬ್ಬ ‘ಸ್ವೀಟ್ ಲೊರೇನ್’ ಹಾಡೆಂದು ಹಟ ಹಿಡಿದದ್ದರಿಂದ ಕೋಲ್ ಗಾಯಕನಾದ ಎಂದು ಒಂದು ಕಥೆ ಚಾಲ್ತಿಯಲ್ಲಿದೆ. ಕಥೆ ಚೆನ್ನಾಗಿದೆ, ಅಷ್ಟೇ. ನಂಬಬೇಕಾದದ್ದು 1940ರ ಡಿಸೆಂಬರಿನಲ್ಲಿ ಡೆಕ್ಕಾಗೆ ಅವನು ಹಾಡಿಕೊಟ್ಟ ‘ಸ್ವೀಟ್ ಲೊರೇನ್’ ತಟ್ಟೆಯನ್ನು.

ಅದರಲ್ಲಿ ಹಾಡು ಹೇಗೆ ಸಾಗುತ್ತದೆಂದು ಗಮನಿಸಿ. ಒಂದು ಸಾಲು ಹಾಡುತ್ತಾನೆ, ಉಸಿರಿಗೆ ನಿಲ್ಲುತ್ತಾನೆ. ಆ ಬಿಡುವಿನಲ್ಲಿ ಅವನದೇ ಬಲಗೈ ಎರಡು ಮಾತು ಹೇಳಿ ಸುಮ್ಮನಾಗುತ್ತದೆ. ನಮ್ಮ ಕಛೇರಿಗಳಲ್ಲಿ ಗಾಯಕ ಬಿಟ್ಟ ಜಾಗದಲ್ಲಿ ಪಿಟೀಲು ಅದೇ ಸಂಚಾರವನ್ನು ಮರುನುಡಿಸುತ್ತದಲ್ಲ, ಹಾಗೆ. ಇಲ್ಲಿ ಗಾಯಕ, ಪಕ್ಕವಾದ್ಯ ಎರಡೂ ಒಬ್ಬನೇ. ಬೇರೊಬ್ಬರ ಮೇಲೆ ಗಾಯಕನಿಗೆ ಅಪನಂಬಿಕೆ ಇರಬಹುದು. ತನ್ನ ಬೆರಳಿನ ಮೇಲೆ ಇರಲು ಕಾರಣವಿಲ್ಲ. ಹಾಗಾಗಿ ಎಲ್ಲವನ್ನೂ ದನಿಯಲ್ಲೇ ತುಂಬಿಬಿಡಬೇಕೆಂಬ ಹಪಾಹಪಿ ಅವನಿಗೆ ಎಂದೂ ಬರಲಿಲ್ಲ. ಸಾಲಿನ ಕೊನೆಯ ಸ್ವರವನ್ನು ಎಳೆಯದೆ ಇಳಿಸಿಬಿಡುವುದು, ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ಪದ ಇಡುವುದು, ಮುಂದಿನ ಸಾಲಿಗೆ ಅವಸರಿಸದಿರುವುದು: ಮುಂದೆ ಕೋಟ್ಯಂತರ ಜನ ಮೆಚ್ಚಿದ ‘ಕೋಲ್ ಶೈಲಿ’ಯೆಂಬುದು ಇಲ್ಲಿ, ಕ್ಲಬ್ಬಿನ ಗದ್ದಲದ ನಡುವೆ, ಎರಡೂ ಕೈಗೆ ಕೆಲಸವಿದ್ದಾಗ ರೂಪುಗೊಂಡದ್ದು. ಡ್ರಮ್ಸ್ ಇಲ್ಲದ್ದರಿಂದ ಮೂವರೂ ಲಯಕ್ಕೆ ಒಬ್ಬರನ್ನೊಬ್ಬರು ಆತುಕೊಂಡಿದ್ದರು. ಒಬ್ಬ ಗದ್ದಲ ಎಬ್ಬಿಸಿದರೆ ಉಳಿದಿಬ್ಬರು ಕೇಳಿಸುತ್ತಿರಲಿಲ್ಲ.

1942ರಲ್ಲಿ ಹಾಡುಗಾರ ಜಾನಿ ಮರ್ಸರ್ ಮತ್ತಿಬ್ಬರು ಸೇರಿ ಹಾಲಿವುಡ್‌ನಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಆರಂಭಿಸಿದರು. ಮುಂದಿನ ವರ್ಷದ ನವೆಂಬರಿನಲ್ಲಿ ಅವರಿಗೆ ಕೋಲ್ ಹಾಡಿಕೊಟ್ಟದ್ದು ‘ಸ್ಟ್ರೇಟನ್ ಅಪ್ ಆಂಡ್ ಫ್ಲೈ ರೈಟ್’. ಸವಾರಿಗೆಂದು ಪ್ರಾಣಿಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡು ಮೇಲಿಂದ ಕೆಡವಿ ತಿನ್ನುವ ರಣಹದ್ದು, ಅದರ ಕತ್ತಿಗೆ ಬಾಲ ಸುತ್ತಿದ ಜಾಣ ಕೋತಿ. ಕರಿಯರ ಜನಪದ ಕಥೆ. ಪಾದ್ರಿ ತಂದೆಯ ಪ್ರವಚನದಲ್ಲಿ ಕೇಳಿದ್ದು. ಕೇಳಿದರೆ ನಗೆಹಾಡು, ಒಳಗೆ ಯಾರು ಯಾರ ಬೆನ್ನೇರಿದ್ದಾರೆ ಎಂಬುದು 1943ರ ಅಮೆರಿಕದ ಕರಿಯರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹಾಡು ದೇಶವೆಲ್ಲ ಗೆದ್ದಿತು. ಆದರೆ ಕೈ ಕಟ್ಟಿದ್ದ ದಿನಗಳಲ್ಲಿ ಅದರ ಹಕ್ಕನ್ನು ಕೋಲ್ 50 ಡಾಲರ್‌ಗೆ ಮಾರಿಯಾಗಿತ್ತು. 1945ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಮೊತ್ತಮೊದಲ ಬಾರಿಗೆ ಆಲ್ಬಂಗಳ ಪಟ್ಟಿ ಪ್ರಕಟಿಸಿದಾಗ ತುದಿಯಲ್ಲಿ ಇದ್ದದ್ದು ‘ದ ಕಿಂಗ್ ಕೋಲ್ ಟ್ರಿಯೊ’.

ಇದೇ ಹೊತ್ತಿಗೆ ಕೋಲ್ ಕಳ್ಳಹೆಸರಿನಲ್ಲೂ ಬದುಕುತ್ತಿದ್ದ! 1944ರ ಜುಲೈ 2ರಂದು ನಾರ್ಮನ್ ಗ್ರಾಂಜ್ ಲಾಸ್ ಏಂಜಲಿಸ್‌ನ ಫಿಲ್‌ಹಾರ್ಮೋನಿಕ್ ಸಭಾಂಗಣದಲ್ಲಿ ಏರ್ಪಡಿಸಿದ ಜಾಜ್ ಕಛೇರಿಯಲ್ಲಿ ಸ್ಯಾಕ್ಸೊಫೋನಿನ ಇಲಿನಾಯ್ ಜಾಕೆ, ಗಿಟಾರಿನ ಲೆಸ್ ಪಾಲ್ ಜೊತೆ ಅವನು ಪಿಯಾನೊ ನುಡಿಸಿದ. ಕ್ಯಾಪಿಟಲ್‌ನ ಒಪ್ಪಂದ ಇದ್ದದ್ದರಿಂದ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಶಾರ್ಟಿ ನದೀನ್’. ಆಗಿನ ಹೆಂಡತಿಯ ಹೆಸರು ನದೀನ್. 1946ರಲ್ಲಿ ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ ಮತ್ತು ಡ್ರಮ್ಸ್‌ನ ಬಡ್ಡಿ ರಿಚ್ ಜೊತೆ ನುಡಿಸಿದಾಗ ‘ಆಯ್ ಗೈ’. ಲೆಸ್ಟರ್ ಜೊತೆಗಿನ ಆ ರೆಕಾರ್ಡಿಂಗ್ ಕೇಳದೆ ಕೋಲ್ ಬಗ್ಗೆ ತೀರ್ಪು ಕೊಡಬಾರದು. ಒಂದೇ ಒಂದು ಹಾಡಿಲ್ಲ ಅದರಲ್ಲಿ. ಆದರೆ ಲೆಸ್ಟರ್‌ನ ಸ್ಯಾಕ್ಸೊಫೋನ್ ಮಾತಿಗಿಳಿದಾಗ ಕೋಲ್ ಹಿಂದಿನಿಂದ ಅಲ್ಲೊಂದು ಇಲ್ಲೊಂದು ಸ್ವರಗುಚ್ಛ ಇಡುವ ಬಗೆಯಲ್ಲಿ ಗಾಯಕನಿಗೆ ಏನು ಬೇಕೆಂದು ಬಲ್ಲವನ ಕಿವಿ ಇದೆ. ಆಸ್ಕರ್ ಪೀಟರ್ಸನ್ ಪಿಯಾನೊ–ಗಿಟಾರ್–ಬಾಸ್ ಟ್ರಿಯೊ ಕಟ್ಟಿದ್ದು ಇವನನ್ನು ನೋಡಿ. ಅಹ್ಮದ್ ಜಮಾಲ್ ಕೂಡ ಅದೇ ದಾರಿ ಹಿಡಿದ. ರೇ ಚಾರ್ಲ್ಸ್ ತನ್ನ ಆರಂಭದ ತಟ್ಟೆಗಳಲ್ಲಿ ಕೋಲ್‌ನ ನಕಲು ಮಾಡುತ್ತಿದ್ದುದನ್ನು ತಾನೇ ಒಪ್ಪಿಕೊಂಡಿದ್ದಾನೆ.

ಕೋಲ್‌ನನ್ನು ಪಿಯಾನೊದಿಂದ ನಿಜಕ್ಕೂ ಎಬ್ಬಿಸಿದ್ದು ಒಬ್ಬ ವಿಚಿತ್ರ ಮನುಷ್ಯ. ಈಡನ್ ಆಬೆಜ್ ಎಂಬ ಗಡ್ಡಧಾರಿ ಬಯಲಿನಲ್ಲಿ ಮಲಗಿ ಸೊಪ್ಪುಹಣ್ಣು ತಿಂದುಕೊಂಡಿದ್ದವನು, 1947ರಲ್ಲಿ ಕೋಲ್ ಹಾಡುತ್ತಿದ್ದ ರಂಗಮಂದಿರದ ಬಾಗಿಲಲ್ಲಿ ಒಂದು ಹಾಡಿನ ಹಾಳೆ ಬಿಟ್ಟುಹೋದ. ಅದೇ ‘ನೇಚರ್ ಬಾಯ್’. ಫ್ರಾಂಕ್ ಡಿ ವಾಲ್‌ನ ತಂತಿವಾದ್ಯಗಳೊಂದಿಗೆ ಕೋಲ್ ಅದನ್ನು ಹಾಡಿದ; 1948ರಲ್ಲಿ ಬಿಡುಗಡೆಯಾಗಿ ಅದು ಎಂಟು ವಾರ ಪಟ್ಟಿಯ ತುದಿಯಲ್ಲಿ ಕೂತಿತು. ಎರಡು ವರ್ಷದ ಬಳಿಕ ‘ಮೋನಾಲಿಸಾ’. ಕಂಪನಿ ಅದನ್ನು ಹಾಕಿದ್ದು ತಟ್ಟೆಯ ಹಿಂಬದಿಗೆ. ಜನ ತಟ್ಟೆ ತಿರುಗಿಸಿ ಹಾಕಿದರು. ಅದರ ವಾದ್ಯಸಂಯೋಜನೆ ಲೆಸ್ ಬಾಕ್ಸ್‌ಟರ್‌ನದೆಂದು ಲೇಬಲ್ ಹೇಳುತ್ತಿತ್ತು, ನಿಜದಲ್ಲಿ ಬರೆದವನು ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಿದ್ದ ನೆಲ್ಸನ್ ರಿಡಲ್. ಹಾಡು ಗೆದ್ದ ಮೇಲೆ ವಿಷಯ ಹೊರಬಿತ್ತು, ಕೋಲ್ ರಿಡಲ್‌ನನ್ನೇ ಹಿಡಿದುಕೊಂಡ. 1951ರ ‘ಅನ್‌ಫರ್ಗೆಟಬಲ್’ ಇಬ್ಬರ ಸಹವಾಸದ ಫಲ. 1953ರಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ ಕ್ಯಾಪಿಟಲ್‌ಗೆ ಬಂದು ರಿಡಲ್ ಜೊತೆ ಸೇರಿ ಮಾಡಿದ ದೊಡ್ಡ ಕೆಲಸವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಗಾಯಕನ ಹಿಂದೆ ಹೇಗೆ ಮೌನವಾಗಿರಬೇಕು ಎಂಬುದನ್ನು ರಿಡಲ್ ಅದಕ್ಕೆ ಮುಂಚೆಯೇ ಕೋಲ್‌ನ ಬಳಿ ಕಲಿತಾಗಿತ್ತು ಎಂಬುದು ನನ್ನ ವಾದ. ‘ಅನ್‌ಫರ್ಗೆಟಬಲ್’ನ ಸಾಲುಗಳ ನಡುವೆ ಪಿಟೀಲುಗಳು ಮಾಡುವ ಕೆಲಸ ಹಿಂದೆ ಕೋಲ್‌ನ ಬಲಗೈ ಮಾಡುತ್ತಿದ್ದುದೇ.

ಎಲ್ಲವೂ ಹೀಗೆ ಸುಸೂತ್ರ ಆಗಲಿಲ್ಲ. 1950ರಲ್ಲಿ ಸ್ಟಾನ್ ಕೆಂಟನ್‌ನ ಅಬ್ಬರದ ಬ್ಯಾಂಡಿನೊಡನೆ ಹಾಡಿದ ‘ಆರೆಂಜ್ ಕಲರ್ಡ್ ಸ್ಕೈ’ ಒಂದು ಪಟಾಕಿ. ಮಜವಾಗಿದೆ, ಎರಡನೇ ಸಲ ಬೇಡ. 1949ರಲ್ಲಿ ಪೀಟ್ ರುಗೊಲೊನ ಸಂಯೋಜನೆಯಲ್ಲಿ ಹಾಡಿದ ‘ಲಷ್ ಲೈಫ್’ ಬರೆದವನಾದ ಬಿಲ್ಲಿ ಸ್ಟ್ರೇಹಾರ್ನ್‌ಗೆ ಹಿಡಿಸಲೇ ಇಲ್ಲ, ಸಾಹಿತ್ಯ ತಪ್ಪಿದ್ದಾನೆಂಬ ಸಿಟ್ಟು ಬೇರೆ. ಸಾಹಿತ್ಯದ ವಿಷಯದಲ್ಲಿ ಕೋಲ್ ಎಡವಿದ್ದು ಅಪರೂಪ. ಒಂದೊಂದು ವ್ಯಂಜನವೂ ಸ್ಪಷ್ಟ. ಇಂಗ್ಲಿಷ್ ಅಷ್ಟಕ್ಕಷ್ಟೇ ಬಲ್ಲವರಿಗೂ ಪದ ಬಿಡಿಬಿಡಿಯಾಗಿ ಕೇಳುತ್ತದೆ. ದನಿಯ ಹರವು ದೊಡ್ಡದೇನಲ್ಲ. ತಾರಸ್ಥಾಯಿಗೆ ಜಿಗಿದು ಚಪ್ಪಾಳೆ ಗಿಟ್ಟಿಸುವ ಗಂಟಲಲ್ಲ. ಆದರೆ ಮೈಕಿಗೆ ಎಷ್ಟು ಹತ್ತಿರ, ಎಷ್ಟು ಕಡಿಮೆ ಎಂಬ ಲೆಕ್ಕ ಅವನಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

ಕೋಲ್‌ನ ಬದುಕಿನಲ್ಲಿ ನಿಂತು ನೋಡಬೇಕಾದ ವರ್ಷ 1956. ಆ ಏಪ್ರಿಲ್‌ನಲ್ಲಿ ಹಾಲಿವುಡ್‌ನಲ್ಲಿ ಕ್ಯಾಪಿಟಲ್‌ನ ದುಂಡನೆಯ ಗೋಪುರ ಕಟ್ಟಡ ತೆರೆಯಿತು. ಅವನ ತಟ್ಟೆಗಳು ತಂದ ದುಡ್ಡಿನ ಲೆಕ್ಕದಲ್ಲಿ ಜನ ಅದನ್ನು ‘ನ್ಯಾಟ್ ಕಟ್ಟಿದ ಮನೆ’ ಎಂದೇ ಕರೆದರು. ಅದೇ ತಿಂಗಳ 10ರಂದು, ತಾನು ಹುಟ್ಟಿದ ಅಲಬಾಮಾದ ಬರ್ಮಿಂಗ್‌ಹ್ಯಾಂ ನಗರದಲ್ಲಿ ಬಿಳಿಯರಿಗಷ್ಟೇ ಪ್ರವೇಶವಿದ್ದ ಸಭೆಯಲ್ಲಿ ಹಾಡುತ್ತಿದ್ದಾಗ, ವರ್ಣದ್ವೇಷಿ ಸಂಘಟನೆಯೊಂದರ ಗಂಡಸರು ವೇದಿಕೆಗೆ ನುಗ್ಗಿ ಅವನನ್ನು ಕೆಡವಿ ಹೊಡೆದರು. ಅತ್ತ ಅವನ ಹುಟ್ಟೂರು ಮಾಂಟ್ಗಾಮರಿಯಲ್ಲಿ ವರ್ಣಭೇದದ ವಿರುದ್ಧ ಕರಿಯರ ಬಸ್ ಬಹಿಷ್ಕಾರ ನಡೆಯುತ್ತಿದ್ದ ತಿಂಗಳುಗಳವು. ಬೇರ್ಪಡಿಸಿ ಕೂರಿಸಿದ ಸಭೆಗೆ ಹಾಡಲು ಹೋದದ್ದೇಕೆಂದು ಕರಿಯರ ಪತ್ರಿಕೆಗಳು ಅವನನ್ನೇ ತರಾಟೆಗೆ ತೆಗೆದುಕೊಂಡವು. ಅವನು ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಗೆ ಆಜೀವ ಸದಸ್ಯನಾದ. ಸೌಮ್ಯ ಸ್ವಭಾವವನ್ನು ಹೆದರಿಕೆಯೆಂದು ಓದಿದವರು ಮೊದಲೂ ಇದ್ದರು. 1948ರಲ್ಲಿ ಲಾಸ್ ಏಂಜಲಿಸ್‌ನ ಹ್ಯಾನ್‌ಕಾಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡಾಗ, ಅನಪೇಕ್ಷಿತರು ಇಲ್ಲಿಗೆ ಬರುವುದು ನಮಗೆ ಬೇಡ ಎಂದರಂತೆ ನಿವಾಸಿಗಳು. ನನಗೂ ಬೇಡ, ಅಂಥವರು ಕಂಡರೆ ಮೊದಲ ದೂರು ನನ್ನದೇ ಎಂದ ಕೋಲ್. ಮನೆ ಬಿಡಲಿಲ್ಲ.

1956ರ ನವೆಂಬರಿನಲ್ಲಿ ಎನ್‌ಬಿಸಿ ಟಿವಿಯಲ್ಲಿ ‘ದ ನ್ಯಾಟ್ ಕಿಂಗ್ ಕೋಲ್ ಶೋ’ ಶುರುವಾಯಿತು. ಎಲಾ ಫಿಟ್ಜೆರಾಲ್ಡ್, ಪೆಗ್ಗಿ ಲೀ, ಹ್ಯಾರಿ ಬೆಲಫಾಂಟೆ, ಟೋನಿ ಬೆನೆಟ್ ಅದರಲ್ಲಿ ಹಾಡಿದರು. ಗೆಳೆತನಕ್ಕಾಗಿ ಕನಿಷ್ಠ ಸಂಭಾವನೆಗೆ ಒಪ್ಪಿ ಬಂದವರು ಅವರಲ್ಲಿ ಹಲವರು. ವರ್ಷ ಕಳೆದರೂ ದೇಶಮಟ್ಟದ ಪ್ರಾಯೋಜಕನೊಬ್ಬ ಸಿಗಲಿಲ್ಲ. ದಕ್ಷಿಣದ ಗಿರಾಕಿಗಳು ಮುನಿಸಿಕೊಂಡಾರೆಂದು ಕಂಪನಿಗಳಿಗೆ ಭಯ. ಜಾಹೀರಾತಿನವರಿಗೆ ಕತ್ತಲೆಯೆಂದರೆ ಹೆದರಿಕೆ ಎಂದು ಕೋಲ್ ಹೇಳಿ, 1957ರ ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಲ್ಲಿಸಿದ.

ಬರ್ಮಿಂಗ್‌ಹ್ಯಾಂನ ಹಲ್ಲೆಗೂ ಟಿವಿ ಕಾರ್ಯಕ್ರಮದ ಆರಂಭಕ್ಕೂ ನಡುವೆ, 1956ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಆತ ಮತ್ತೆ ಪಿಯಾನೊ ಮುಂದೆ ಕೂತ. ‘ಆಫ್ಟರ್ ಮಿಡ್‌ನೈಟ್’ ಹುಟ್ಟಿದ್ದು ಹೀಗೆ. ಪಿಟೀಲು ವೃಂದವಿಲ್ಲ, ಕೋರಸ್ ಇಲ್ಲ. ಜಾನ್ ಕಾಲಿನ್ಸ್‌ನ ಗಿಟಾರ್, ಚಾರ್ಲಿ ಹ್ಯಾರಿಸ್‌ನ ಬಾಸ್, ಡ್ರಮ್ಸ್‌ಗೆ ಲೆಸ್ಟರ್ ಯಂಗ್‌ನ ತಮ್ಮ ಲೀ ಯಂಗ್. ಜೊತೆಗೆ ಬಾರಿಗೊಬ್ಬ ಅತಿಥಿ. ಕೌಂಟ್ ಬೇಸಿಯ ಬ್ಯಾಂಡಿನಿಂದ ಹೆಸರು ಮಾಡಿದ ಟ್ರಂಪೆಟ್‌ನ ಹ್ಯಾರಿ ‘ಸ್ವೀಟ್ಸ್’ ಎಡಿಸನ್ ‘ಸ್ವೀಟ್ ಲೊರೇನ್’ನಲ್ಲಿ ಮೂರು ಸ್ವರ ಹೇಳುವ ಕಡೆ ಎರಡೇ ಹೇಳಿ ಬಿಡುತ್ತಾನೆ, ಕೋಲ್‌ಗೆ ಹೇಳಿಮಾಡಿಸಿದ ಜೋಡಿ. ಪೋರ್ಟೊ ರಿಕೊದ ಹ್ವಾನ್ ಟಿಜೋಲ್ ತಾನೇ ಡ್ಯೂಕ್ ಎಲಿಂಗ್ಟನ್ ಜೊತೆ ಸೇರಿ ರಚಿಸಿದ ‘ಕ್ಯಾರವಾನ್’ಗೆ ಟ್ರಾಂಬೋನ್ ಹಿಡಿದು ಬಂದ. ವಿಲ್ಲಿ ಸ್ಮಿತ್‌ನ ಆಲ್ಟೊ ಸ್ಯಾಕ್ಸೊಫೋನ್ ‘ಜಸ್ಟ್ ಯೂ, ಜಸ್ಟ್ ಮಿ’ಯನ್ನು ಓಡಿಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ಟಫ್ ಸ್ಮಿತ್‌ನ ಪಿಟೀಲು. ಅದು ವೃಂದಗಳ ಸಕ್ಕರೆ ಪಿಟೀಲಲ್ಲ. ಕೆರೆಯುತ್ತದೆ, ಕೆಣಕುತ್ತದೆ, ಒಮ್ಮೊಮ್ಮೆ ಬೇಕೆಂದೇ ಶ್ರುತಿಯ ಅಂಚಿಗೆ ಜಾರುತ್ತದೆ. ‘ಸಮ್‌ಟೈಮ್ಸ್ ಐಯಾಮ್ ಹ್ಯಾಪಿ’ಯಲ್ಲಿ ಆ ಒರಟು ಪಿಟೀಲಿಗೂ ಈ ನುಣುಪು ದನಿಗೂ ನಡುವೆ ನಡೆಯುವ ಸಂಭಾಷಣೆಯಲ್ಲಿ ಯಾರೂ ಯಾರನ್ನೂ ಗೆಲ್ಲಲು ಹೋಗುವುದಿಲ್ಲ. ಕೋಲ್‌ನ ಪಿಯಾನೊ ತನಿಗಳನ್ನು ಕೇಳಿ: ಚಿಕ್ಕ ವಾಕ್ಯಗಳು, ನಡುವೆ ಗಾಳಿಯಾಡುವ ಜಾಗ. ಅದರ ಹಿಂದೆಯೇ ದನಿ ಬಂದಾಗ ವ್ಯಾಕರಣ ಅದೇ, ವಾದ್ಯ ಮಾತ್ರ ಬೇರೆ. ಹಾಡುವುದಕ್ಕಾಗಿ ಅವನು ಏನನ್ನೋ ಬಲಿಕೊಟ್ಟನೆನ್ನುವವರಿಗೆ ಈ ಆಲ್ಬಂ ಉತ್ತರ. ಇಂಥವು ಇನ್ನೂ ನಾಲ್ಕಾರು ಬರಲಿಲ್ಲವಲ್ಲ ಎಂದು ಕೊರಗುವ ಹಕ್ಕು ಅವರಿಗೂ ಇದೆ, ನನಗೂ ಇದೆ.

ಅದೇ 1956ರ ಡಿಸೆಂಬರ್‌ನಲ್ಲಿ ಕೋಲ್ ತದ್ವಿರುದ್ಧ ದಿಕ್ಕಿಗೆ ಹೊರಟ. ಗಾರ್ಡನ್ ಜೆಂಕಿನ್ಸ್‌ನ ಎತ್ತರದ, ತೇವಭರಿತ ತಂತಿವಾದ್ಯಗಳೊಡನೆ ‘ಲವ್ ಈಸ್ ದ ಥಿಂಗ್’. 1957ರಲ್ಲಿ ಬಂದ ಈ ಆಲ್ಬಂ ಮೊದಲ ಸ್ಥಾನಕ್ಕೇರಿತು. ಜೆಂಕಿನ್ಸ್‌ನ ಕೈ ಸಿಹಿಗೆ ಸ್ವಲ್ಪ ದೊಡ್ಡದು. ಕೆಲವು ಹಾಡುಗಳು ಮುಖ ಕಟ್ಟುತ್ತವೆ. ಆದರೆ ‘ಸ್ಟಾರ್‌ಡಸ್ಟ್’! ಹೋಗಿ ಕಾರ್ಮೈಕೇಲ್ ಎಂಬಾತ ರಚಿಸಿದ ಆ ರಾಗಕ್ಕೆ ಒಂದು ಪೀಠಿಕೆಯ ಭಾಗವಿದೆ, ಅದನ್ನು ಬಿಟ್ಟು ನೇರ ಹಾಡಿಗಿಳಿಯುವವರೇ ಹೆಚ್ಚು. ಕೋಲ್ ಅದನ್ನು ಬಿಡುವುದಿಲ್ಲ. ಲಯ ಇನ್ನೂ ಕಟ್ಟಿಕೊಳ್ಳದ ಆ ಮೊದಲ ಭಾಗದಲ್ಲಿ ಪದಗಳನ್ನು ಬಹುಪಾಲು ಮಾತಿನಂತೆ ಇಡುತ್ತ ಹೋಗಿ, ಮುಖ್ಯ ರಾಗಕ್ಕೆ ಹೊರಳುವಾಗ ಎಲ್ಲಿ ಹೊರಳಿದನೆಂದೇ ತಿಳಿಯದು. ಅಷ್ಟೊಂದು ಪಿಟೀಲುಗಳ ನಡುವೆಯೂ ಒಂಟಿ ಮನುಷ್ಯನೊಬ್ಬ ಪಿಯಾನೊ ಪಕ್ಕದಲ್ಲಿ ತನ್ನಷ್ಟಕ್ಕೆ ಗುನುಗಿದ ಹಾಗೆ ಕೇಳಿಸುವುದು ಹೇಗೆಂದು ನನಗೆ ಇನ್ನೂ ಬೆರಗು.

ಕ್ಯಾಪಿಟಲ್‌ನ ಆ ದುಂಡು ಗೋಪುರದ ಸ್ಟುಡಿಯೊಗಳ ದನಿಗೆ ಒಂದು ಗುಣವಿದೆ. ನೆಲದಡಿಯಲ್ಲಿ ಕಾಂಕ್ರೀಟಿನ ಖಾಲಿ ಕೋಣೆಗಳನ್ನು ಕಟ್ಟಿ, ಮೇಲೆ ಹಾಡಿದ್ದನ್ನು ಅಲ್ಲಿ ಸ್ಪೀಕರಿನಲ್ಲಿ ನುಡಿಸಿ, ಅದರ ಪ್ರತಿಧ್ವನಿಯನ್ನು ಇನ್ನೊಂದು ಮೈಕಿನಲ್ಲಿ ಹಿಡಿದು ಮೂಲದೊಂದಿಗೆ ಬೆರೆಸುತ್ತಿದ್ದರು. ಆ ಕೋಣೆಗಳ ವಿನ್ಯಾಸ ಲೆಸ್ ಪಾಲ್‌ನದು; ಹೌದು, 1944ರ ಕಛೇರಿಯಲ್ಲಿ ‘ಶಾರ್ಟಿ ನದೀನ್’ ಜೊತೆ ಗಿಟಾರ್ ನುಡಿಸಿದ ಅದೇ ಲೆಸ್ ಪಾಲ್.

ವಾಂಗ್ ಕಾರ್-ವೈ 2000ದಲ್ಲಿ ತೆಗೆದ ‘ಇನ್ ದ ಮೂಡ್ ಫಾರ್ ಲವ್’ ನೋಡಿದವರಿಗೆ ಅರವತ್ತರ ದಶಕದ ಹಾಂಗ್‌ಕಾಂಗ್‌ನ ಇಕ್ಕಟ್ಟಿನ ಓಣಿಗಳಲ್ಲಿ ತೇಲುವ ಸ್ಪ್ಯಾನಿಷ್ ಹಾಡುಗಳು ನೆನಪಿರಬೇಕು. ಆ ದನಿಯೂ ಕೋಲ್‌ನದೇ. 1958ರ ‘ಕೋಲ್ ಎಸ್ಪಾನ್ಯೋಲ್’ಗೆ ಹವಾನಾದ ವಾದ್ಯಗಾರರು ನುಡಿಸಿದರು, ಮರುವರ್ಷದ ‘ಅ ಮೀಸ್ ಅಮೀಗೋಸ್’ ರೆಕಾರ್ಡ್ ಆದದ್ದು ರಿಯೊದಲ್ಲಿ. ಕೋಲ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಉಚ್ಚಾರಣೆ ಕಲಿತು ಹಾಡಿದ. ಉಚ್ಚಾರ ಅಮೆರಿಕನ್ನನದೆಂದು ಭಾಷೆ ಬಲ್ಲವರು ನಗುತ್ತಾರೆ, ಆದರೂ ಲ್ಯಾಟಿನ್ ಅಮೆರಿಕ ಅವನನ್ನು ಅಪ್ಪಿಕೊಂಡಿತು. ತನ್ನದಲ್ಲದ ಭಾಷೆಯಲ್ಲಿ ತುಸು ಅಳುಕಿ ಹಾಡುವ ಆ ದನಿ, ಹೇಳಬೇಕಾದ್ದನ್ನು ಹೇಳಲಾರದೆ ಓಡಾಡುವ ಆ ಸಿನಿಮಾದ ಇಬ್ಬರಿಗೆ ಎಷ್ಟು ಸರಿಹೊಂದಿದೆ!

ಜೊತೆಗಾರಿಕೆಯಲ್ಲಿ ಇನ್ನೊಂದು ವಿನೋದ: 1959ರ ‘ವೆಲ್‌ಕಮ್ ಟು ದ ಕ್ಲಬ್’ನಲ್ಲಿ ಕೌಂಟ್ ಬೇಸಿಯ ವಾದ್ಯವೃಂದವಿದೆ, ಬೇಸಿ ಇಲ್ಲ. ಅವನ ಒಪ್ಪಂದ ಬೇರೆ ಕಂಪನಿಯೊಂದಿಗೆ. ಮದುಮಗನಿಲ್ಲದ ದಿಬ್ಬಣದಂತಿದ್ದರೂ ದಿಬ್ಬಣ ಜೋರಾಗಿದೆ. ಅದಕ್ಕಿಂತ ಸೂಕ್ಷ್ಮವಾದದ್ದು 1961ರ ಕೊನೆಯಲ್ಲಿ ರೆಕಾರ್ಡ್ ಆಗಿ ಮರುವರ್ಷ ಬಂದ, ಲಂಡನ್ ಮೂಲದ ಅಂಧ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಜೊತೆಗಿನ ಆಲ್ಬಂ. ಒಬ್ಬ ಪಿಯಾನೊ ವಾದಕ ಇನ್ನೊಬ್ಬ ಪಿಯಾನೊ ವಾದಕನ ಮುಂದೆ ನಿಂತು, ತಾನು ಒಂದು ಸ್ವರವೂ ನುಡಿಸದೆ ಹಾಡುವುದು ಸುಲಭದ ಮಾತಲ್ಲ. ‘ಲೆಟ್ ದೇರ್ ಬಿ ಲವ್’ನಲ್ಲಿ ಶಿಯರಿಂಗ್ ಎರಡೂ ಕೈಗಳನ್ನು ಬೆಸೆದು ಗುಚ್ಛಗುಚ್ಛವಾಗಿ ನುಡಿಸುತ್ತ ಹೋದರೆ ಕೋಲ್ ಅದರ ಸಂದಿನಲ್ಲಿ ಹಗುರಾಗಿ ಕಾಲಿಡುತ್ತಾನೆ. ಪಾತ್ರ ಅದಲುಬದಲಾಗಿದೆ, ಆಟ ಹಳೆಯ ಟ್ರಿಯೊದ್ದೇ.

ಅರವತ್ತರ ದಶಕದ ಜನಪ್ರಿಯ ಹಾಡುಗಳನ್ನು ಬೇಗ ದಾಟಬಹುದು. 1962ರ ‘ರ‍್ಯಾಂಬ್ಲಿನ್ ರೋಸ್’ ಲಕ್ಷಗಟ್ಟಲೆ ಮಾರಾಟವಾಯಿತು. ಹಿಂದೆ ಕೋರಸ್ ಚಪ್ಪಾಳೆ ತಟ್ಟುವ ಧಾಟಿಯಲ್ಲಿ ಹಾಡುವಾಗ ಅವನ ದನಿಗೆ ಮಾಡಲು ಕೆಲಸವೇ ಇಲ್ಲ. ‘ಎಲ್-ಒ-ವಿ-ಇ’ ಹಾಡಿನ ಮಾತು ಬೇರೆ, ಅದರಲ್ಲಿ ಹಳೆಯ ತುಂಟತನ ಉಳಿದಿದೆ. ಆ ಹೆಸರಿನ ಆಲ್ಬಂ ಪೂರ್ತಿಯಾದದ್ದು 1964ರ ಡಿಸೆಂಬರಿನ ಮೊದಲ ದಿನಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಆಗಲೇ ಅವನ ಶ್ವಾಸಕೋಶವನ್ನು ಕ್ಯಾನ್ಸರ್ ತಿಂದಿತ್ತು. ಸಿಗರೇಟು ದನಿಗೆ ಮಂದ್ರದ ತೂಕ ಕೊಡುತ್ತದೆಂದು ನಂಬಿ ಹಾಡುವ ಮುನ್ನ ಒಂದರ ಮೇಲೊಂದು ಸೇದುತ್ತಿದ್ದವನು. 1965ರ ಫೆಬ್ರುವರಿ 15ರಂದು ತೀರಿಕೊಂಡಾಗ 45 ವರ್ಷ.

1991ರಲ್ಲಿ ಮಗಳು ನ್ಯಾಟಲಿ ಕೋಲ್ ಅಪ್ಪನ ಹಳೆಯ ಧ್ವನಿಮುದ್ರಣದ ಜೊತೆ ‘ಅನ್‌ಫರ್ಗೆಟಬಲ್’ ಹಾಡಿದಳು, ಗ್ರ್ಯಾಮಿಗಳ ಸುರಿಮಳೆಯಾಯಿತು. ತಾಂತ್ರಿಕವಾಗಿ ಅದು ಸಾಹಸ. ಸಂಗೀತವಾಗಿ ನನ್ನನ್ನು ಅಷ್ಟು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವಂತಿಲ್ಲ. ಅದಕ್ಕಿಂತ ಆಸ್ಕರ್ ಪೀಟರ್ಸನ್ 1965ರ ಕೊನೆಯಲ್ಲಿ ಮಾಡಿದ ‘ವಿತ್ ರೆಸ್ಪೆಕ್ಟ್ ಟು ನ್ಯಾಟ್’ ಕಿವಿಗೆ ಬಿದ್ದರೆ ಬೆಚ್ಚಿಬೀಳುವಂತಿದೆ. ಪಿಯಾನೊ ಬಿರುಗಾಳಿಯೆಂದೇ ಹೆಸರಾದ ಪೀಟರ್ಸನ್ ಅದರಲ್ಲಿ ಹಾಡುತ್ತಾನೆ, ದನಿ ಥೇಟ್ ಕೋಲ್. ನೀನು ಹಾಡಬೇಡ, ನಾನು ನುಡಿಸುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರೆಂಬ ಕಥೆಯೂ ಇದೆ. ಗಂಟಲಿನಲ್ಲಿ ಪಿಯಾನೊ ಇಟ್ಟುಕೊಂಡವನ ನಕಲು ಮಾಡಲು ಇನ್ನೊಬ್ಬ ಪಿಯಾನೊ ವಾದಕನೇ ಬೇಕಾಯಿತೋ ಏನೋ.

ಹೊಸದಾಗಿ ಕೇಳುವವರಿಗೆ ನನ್ನ ಸಲಹೆ: ಮೊದಲು 1943ರಿಂದ 47ರವರೆಗಿನ ಟ್ರಿಯೊ, ಗಿಟಾರಿನ ಆಸ್ಕರ್ ಮೂರ್ ಇರುವ ತಟ್ಟೆಗಳು. ಆಮೇಲೆ ನೇರ ‘ಆಫ್ಟರ್ ಮಿಡ್‌ನೈಟ್’. ಲೆಸ್ಟರ್ ಯಂಗ್ ಜೊತೆಗಿನದ್ದು, ಶಿಯರಿಂಗ್ ಜೊತೆಗಿನದ್ದು, ‘ಸ್ಟಾರ್‌ಡಸ್ಟ್’ ಇರುವ ಜೆಂಕಿನ್ಸ್ ಆಲ್ಬಂ, ಇವಕ್ಕೆ ಕ್ರಮವಿಲ್ಲ. ರಿಡಲ್ ಜೊತೆಗಿನ ಪ್ರಸಿದ್ಧ ಹಾಡುಗಳು ಹೇಗೂ ತಾವಾಗಿಯೇ ಕಿವಿಗೆ ಬೀಳುತ್ತವೆ. ‘ರ‍್ಯಾಂಬ್ಲಿನ್ ರೋಸ್’ ಕೊನೆಗಿರಲಿ, ಕೇಳದಿದ್ದರೂ ನಷ್ಟವೇನಿಲ್ಲ.